ಬೀಗರ ಗಾಡಿಯ ನಡುಕ

ಕಸುಬಿನವರು ಬೀಗರ ಕೆಲಸಕ್ಕೆ ಕೈ ಹಾಕಬಾರದು. ಹಾಕಿದರೆ ಕೆಲಸವೂ ನೆಟ್ಟಗಾಗುವುದಿಲ್ಲ, ಬೀಗತನವೂ ನೆಟ್ಟಗಿರುವುದಿಲ್ಲ. ಹೊಸಪೇಟೆಯಲ್ಲಿ ನಾನು ಕೆಲಸ ಕಲಿಯುವಾಗ ನಮ್ಮ ಮೇಸ್ತ್ರಿ ತನ್ನ ಹೆಂಡತಿಯ ಅಣ್ಣನ ಲಾರಿ ದೂರದಲ್ಲಿ ಕಂಡರೆ ಸಾಕು, ಹಿಂದಿನ ಗೇಟಿನಿಂದ ಚಹಾ ಕುಡಿಯಲು ಹೋಗಿಬಿಡುತ್ತಿದ್ದ. ಪುಕ್ಕಲ ಎಂದು ನಾವು ನಗುತ್ತಿದ್ದೆವು. ಅವನು ಬುದ್ಧಿವಂತ ಎಂದು ತಿಳಿಯಲು ನನಗೆ ಸ್ವಂತ ಗ್ಯಾರೇಜು ಬೇಕಾಯಿತು, ಸ್ವಂತ ಬೀಗರೂ ಬೇಕಾದರು.

ಕೊಟ್ಟೂರಿನಲ್ಲಿ ಕೂಡ್ಲಿಗಿ ರಸ್ತೆಗೆ ನನ್ನ ಗ್ಯಾರೇಜು. ತಂಗಿಯನ್ನು ಹರಪನಹಳ್ಳಿ ತಾಲ್ಲೂಕಿನ ತೆಲಿಗಿಗೆ ಕೊಟ್ಟಿದ್ದೆವು. ಅಪ್ಪ ಇಲ್ಲದ ಮನೆ, ಹಾಗಾಗಿ ಅವಳ ಮಾವನಿಗೆ ನಾನೇ ಬೀಗ. ಅವರದು ಶೇಂಗಾ ಮಿಲ್ಲು. ಮಿಲ್ಲಿನ ಜೊತೆಗೆ ಒಂದು ದೊಡ್ಡ ಡೀಸೆಲ್ ಗಾಡಿ, ಹಿಂದೆ ಎದುರುಬದುರು ಸೀಟಿನದು. ಮನೆಮಂದಿಯೆಲ್ಲ ಒಟ್ಟಿಗೆ ಹತ್ತಿ ಹೊರಟರೆ ದಾರಿಯವರು ತಿರುಗಿ ನೋಡಬೇಕು, ಅಂಥ ಗಾಡಿ. ಊರೂರಿಗೆ ಎಸ್‌ಟಿಡಿ ಬೂತು ಬಂದಿದ್ದ ಆ ಕಾಲದಲ್ಲಿ ತೆಲಿಗಿಯಂಥ ಊರಿನಲ್ಲಿ ಅಂಥದ್ದು ಒಂದೋ ಎರಡೋ ಇರುತ್ತಿದ್ದವು. ಬೀಗರು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಮಗ ಕೂಡ ಪಕ್ಕದ ಸೀಟಿನಲ್ಲೇ ಕೂರಬೇಕು.

ಮೊದಲ ಸಲ ಅವರು ಗಾಡಿ ತಂದಾಗ ಬೀಗತಿಯೂ ಬಂದಿದ್ದರು. ಬೀಗರು ಇಳಿಯುತ್ತಲೇ ಶುರುಮಾಡಿದರು. "ಏನ್ ಬೀಗ್ರ, ನಮ್ಮ ಗಾಡಿಗೆ ಚಳಿಜ್ವರ ಬಂದೈತಿ. ನಿಂತಲ್ಲೆ ನಡುಗತೈತಿ. ಒಂದು ಸೂಜಿ ಚುಚ್ರಿ."

"ನಿಂತಾಗ ಅಷ್ಟ ಅಲ್ರಿ," ಎಂದರು ಬೀಗತಿ. "ಹಿಂದಕ ತಗೊಂಬಾಗ ಕಾಲ ಬುಡಕ ಯಾರೋ ಒನಕಿಲೆ ಕುಟ್ಟಿದಂಗ ಆಗತೈತಿ. ಸೊಸಿ ಕುಂತಾಗ ಹೊಟ್ಟಿ ಹಿಡಕೊಂತಾಳ."

ತಂಗಿಗೆ ಆಗ ಆರು ತಿಂಗಳು. ಮೊದಲ ಹೆರಿಗೆ, ತವರಿಗೇ ಬರಬೇಕು. ಏಳರಲ್ಲಿ ಕರೆತರುವುದು ನಮ್ಮ ಕಡೆಯ ವಾಡಿಕೆ. ಎಂಟರಲ್ಲಿ ಹೊರಡಿಸುವುದಿಲ್ಲ, ಒಂಬತ್ತರಲ್ಲಿ ಹೊರಡಿಸಲು ಯಾರಿಗೂ ಧೈರ್ಯವಿರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಬೀಗತಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಬೇರೆ ಗಿರಾಕಿಯಾಗಿದ್ದರೆ, ಯಾವ ಗೇರಿನಲ್ಲಿ, ಏರಿನಲ್ಲೋ ಇಳುಕಲಿನಲ್ಲೋ, ತುಂಬಿದ ಗಾಡಿಯೋ ಖಾಲಿಯೋ ಎಂದು ಜೀವ ತಿನ್ನುತ್ತಿದ್ದೆ. ಬೀಗರನ್ನು ಗ್ಯಾರೇಜಿನ ಆಯಿಲ್ ನೆಲದ ಮೇಲೆ ನಿಲ್ಲಿಸಿ ಹಾಗೆ ಕೇಳುವುದುಂಟೆ? "ಅದನ್ನೆಲ್ಲ ನಾ ನೋಡ್ತೀನಿ ಅತ್ತಿಯಾರ, ನೀವು ಮೊದಲ ಮನಿಗೆ ನಡೀರಿ. ಅವ್ವ ಹೋಳಿಗಿ ಮಾಡ್ಯಾಳ," ಎಂದು ಇಬ್ಬರನ್ನೂ ಕಳಿಸಿಬಿಟ್ಟೆ.

ನಿಂತಲ್ಲಿ ನಡುಗುವ ಡೀಸೆಲ್ ಗಾಡಿ ಎಂದರೆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ಲಿನ ದೋಷ ಎಂದು ನನ್ನ ತಲೆಯಲ್ಲಿ ಮೊದಲೇ ಕೂತಿತ್ತು. ನಾಲ್ಕೂ ನಾಝಲ್ ಬಿಚ್ಚಿ, ತೊಳೆದು, ಒತ್ತಡ ನೋಡಿ ಹಾಕಿದೆ. ನಡುಕ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಒಳಗೆ ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿರುವ ಹೊತ್ತು, ಅವರು ಎದ್ದು ಬರುವುದರೊಳಗೆ ಮುಗಿಸಬೇಕು. ಆಗ ನಾನು ಮಾಡಿದ್ದು ಎಲ್ಲ ಮೆಕ್ಯಾನಿಕ್ಕರಿಗೂ ಗೊತ್ತಿರುವ ಕಳ್ಳದಾರಿ. ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗಕ್ಕೆ ನಾವು ಸ್ಲೋ ಎನ್ನುತ್ತೇವೆ. ಆ ಸ್ಲೋವನ್ನು ಒಂದು ಸುತ್ತು ಏರಿಸಿದೆ. ವೇಗ ಹೆಚ್ಚಾದರೆ ನಡುಕ ಅಡಗುತ್ತದೆ, ಕಾರಣ ಮಾತ್ರ ಅಲ್ಲೇ ಇರುತ್ತದೆ. ಖಾಲಿ ಗಾಡಿಯನ್ನು ಕೂಡ್ಲಿಗಿ ರಸ್ತೆಯಲ್ಲಿ ಓಡಿಸಿ ಬಂದೆ. ಬೆಣ್ಣೆಯ ಹಾಗಿತ್ತು. ಒಮ್ಮೆಯೂ ರಿವರ್ಸ್ ಹಾಕಿ ನೋಡಲಿಲ್ಲ. ಬೀಗರು ಬೆನ್ನು ತಟ್ಟಿ, ಬೀಗತನ ಮಾಡಿದ್ದು ಸಾರ್ಥಕವಾಯಿತು ಎಂದು ಹೊರಟರು. ನಾನು ಮೀಸೆ ತಿರುವಿದೆ.

ಕೆಲವು ದಿನಕ್ಕೆ ಗಾಡಿ ತಿರುಗಿ ಬಂತು. ಈ ಸಲ ಬೀಗತಿ ಗ್ಯಾರೇಜಿಗೆ ಬರಲೇ ಇಲ್ಲ, ನಮ್ಮ ಮನೆಯ ಮುಂದೆಯೇ ಇಳಿದುಬಿಟ್ಟಿದ್ದರು. ಬೀಗರು ನಗುತ್ತಲೇ ಅಂದರು, "ಸೂಜಿ ತಾಗಲಿಲ್ಲ ನೋಡ್ರಿ. ಈಗ ಜ್ವರದ ಜೋಡಿ ಬಿಕ್ಕಳಿಕಿನೂ ಬಂದೈತಿ." ಕ್ಲಚ್ ಬಿಡುವಾಗ ಗಾಡಿ ಬಿಕ್ಕುತ್ತಿತ್ತು. ನನ್ನ ಬುದ್ಧಿ ಈಗ ಕ್ಲಚ್ ಪ್ಲೇಟಿನ ಮೇಲೆ ಹೋಯಿತು. ಪಕ್ಕದ ವೆಲ್ಡಿಂಗ್ ಅಂಗಡಿಯವನ ಕೈ ಹಿಡಿಸಿ ಗೇರ್‌ಬಾಕ್ಸ್ ಇಳಿಸಿದೆ. ಪ್ಲೇಟು ಸವೆದಿತ್ತು, ನಿಜ. ಇನ್ನೂ ಒಂದು ವರ್ಷ ಓಡುವಷ್ಟು ಮಾತ್ರ ಸವೆದಿತ್ತು. ಹೊಸದು ಹಾಕಿದೆ. ಗೇರ್‌ಬಾಕ್ಸಿನ ಕೆಳಗಿನ ರಬ್ಬರ್ ಆಯಿಲ್ ಕುಡಿದು ಬೆಲ್ಲದ ಹಾಗೆ ಮೆತ್ತಗಾಗಿದ್ದು ನನ್ನ ಕೈಗೇ ಅಂಟಿತು. ಕೈ ಒರೆಸಿಕೊಂಡು ಅದನ್ನೇ ಮತ್ತೆ ಹಾಕಿ ಬಿಗಿದೆ. ಯಾಕೆ ಹಾಗೆ ಮಾಡಿದೆ ಎಂದರೆ ಉತ್ತರ ಇಷ್ಟೇ: ಮನೆಯಿಂದ ಊಟ ಮುಗಿಯಿತೆಂದು ಹೇಳಿಕಳಿಸಿದ್ದರು, ಬೀಗರನ್ನು ಕಾಯಿಸಬಾರದಾಗಿತ್ತು.

ಗಾಡಿಯನ್ನು ನಮ್ಮ ಮನೆಯ ಮುಂದೆಯೇ ತಂದು ನಿಲ್ಲಿಸಿದೆ. ಓಣಿಯ ಹೆಂಗಸರು ಬೀಗರನ್ನು ನೋಡಲು ಬಾಗಿಲಿಗೆ ಬಂದಿದ್ದರು. ಬೀಗರು ಹತ್ತಿ, ಓಣಿಯಿಂದ ಹೊರಗೆ ತೆಗೆಯಲು ರಿವರ್ಸ್ ಹಾಕಿದರು. ದಡ್ ಎಂದಿತು. ಗಾಡಿ ಕುಣಿದು ನಿಂತುಹೋಯಿತು. ಮತ್ತೆ ಚಾಲು ಮಾಡಿದರು, ಮತ್ತೆ ದಡ್. ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದಳು. ಬೀಗತಿ ಕಿಟಕಿಯಿಂದ ಅವ್ವನಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವ ಹಾಗೆ ಹೇಳಿದರು.

"ಇದು ಸರಿ ಆಗಾತನಕ ಸೊಸೀನ ಇದರಾಗ ಕೂರಸಂಗಿಲ್ರಿ."

"ಬಾಡಿಗಿ ಗಾಡಿ ಮಾಡಿ ಕಳಸ್ತೀನ್ರಿ ಅತ್ತಿಯಾರ," ಎಂದು ನಾನು ನಡುವೆ ಬಾಯಿ ಹಾಕಿದೆ.

"ಮನಿ ಮುಂದ ಗಾಡಿ ನಿಂತಿರತೈತಿ, ಬಸುರಿ ಸೊಸೀನ ಬಾಡಿಗಿ ಗಾಡ್ಯಾಗ ಕಳಸಿದ್ರ ಮಂದಿ ನಮಗ ಏನಂತಾರ? ಬ್ಯಾಡ್ರಿ. ಆಗಲಿಲ್ಲ ಅಂದ್ರ ನಮ್ಮಲ್ಲೆ ಹಡಿತಾಳ."

ಅವ್ವನ ಮುಖ ಸಣ್ಣದಾಯಿತು. ಮೊದಲ ಬಾಣಂತನ ತವರಲ್ಲಿ ಆಗಲಿಲ್ಲವೆಂದರೆ ತೆಲಿಗಿಯಲ್ಲಿ ತಂಗಿ ಜೀವಮಾನವಿಡೀ ಆ ಮಾತು ಕೇಳಬೇಕು. ಅಣ್ಣ ಮೆಕ್ಯಾನಿಕ್ಕು, ಗಾಡಿ ರಿಪೇರಿಯಾಗದೆ ತವರಿಗೆ ಹೋಗಲಿಲ್ಲ ಎಂಬ ಮಾತು. ಏಳು ಆಗಲೇ ಶುರುವಾಗಿತ್ತು. ಆ ದಿನ ಗ್ಯಾರೇಜಿಗೆ ಹೋಗಿ ನಾನು ಯಾರ ಗಾಡಿಯನ್ನೂ ಮುಟ್ಟಲಿಲ್ಲ. ಹಳೇ ಟಯರಿನ ಮೇಲೆ ಕೂತು ಎರಡು ಸಲ ಮಾಡಿದ ಕೆಲಸವನ್ನು ಮೊದಲಿನಿಂದ ನೆನೆದೆ. ಯಾರೋ ಒನಕೆಯಿಂದ ಕುಟ್ಟಿದ ಹಾಗೆ ಎಂದು ಬೀಗತಿ ಮೊದಲ ದಿನವೇ ಹೇಳಿದ್ದರು. ಕೈಗೆ ಅಂಟಿದ ಆ ರಬ್ಬರೂ ನೆನಪಾಯಿತು.

ಎಂಜಿನ್ನನ್ನು ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಮೇಲೆ ನೇರವಾಗಿ ಕೂರಿಸುವುದಿಲ್ಲ. ಮುಂದೆ ಎಡಕ್ಕೊಂದು, ಬಲಕ್ಕೊಂದು, ಹಿಂದೆ ಗೇರ್‌ಬಾಕ್ಸಿನ ಕೆಳಗೊಂದು, ಕಬ್ಬಿಣದ ತಟ್ಟೆಗಳ ನಡುವೆ ಬೆಸೆದ ದಪ್ಪ ರಬ್ಬರುಗಳ ಮೇಲೆ ಕೂರಿಸುತ್ತಾರೆ. ಮೌಂಟಿಂಗ್ ರಬ್ಬರ್ ಎನ್ನುತ್ತೇವೆ. ಎಂಜಿನ್ನಿನ ನಡುಕವನ್ನೆಲ್ಲ ನುಂಗುವುದು ಅದೇ. ಅದು ಹರಿದದ್ದು ಖಾಲಿ ಗಾಡಿಯನ್ನು ರಸ್ತೆಯಲ್ಲಿ ಓಡಿಸಿದರೆ ಗೊತ್ತಾಗುವುದಿಲ್ಲ. ಎಂಜಿನ್ನಿಗೆ ಭಾರ ಕೊಟ್ಟು, ಬ್ರೇಕಿನಲ್ಲಿ ಕಟ್ಟಿಹಾಕಿ, ಅದು ಹೇಗೆ ಮೈ ಮುರಿಯುತ್ತದೆಂದು ಬಾನೆಟ್ ಎತ್ತಿ ನೋಡಬೇಕು. ಅದಕ್ಕೆ ಸ್ಟೀರಿಂಗ್ ಮುಂದೆ ಒಬ್ಬರು ಬೇಕು, ಹೇಳಿದ ಹಾಗೆ ಕೇಳುವವರು. ಆ ಗಾಡಿಯ ಕ್ಲಚ್ಚಿನ ಮರ್ಮ ಗೊತ್ತಿದ್ದವರು ಬೀಗರೊಬ್ಬರೇ. ಬೀಗತನವನ್ನು ಪಕ್ಕಕ್ಕಿಟ್ಟು ಅವರನ್ನು ಗಿರಾಕಿಯ ಹಾಗೆಯೇ ನಡೆಸಿಕೊಳ್ಳಬೇಕೆಂದು ತೀರ್ಮಾನಿಸಿದೆ. ಬೂತಿಗೆ ಹೋಗಿ ಫೋನು ಮಾಡಿದೆ. "ಮಾವಾರ, ಈ ಸಲ ನೀವೊಬ್ಬರ ಬರ್ರಿ. ಊಟ ಆಮ್ಯಾಲ. ನಾ ಹೇಳಿದಂಗ ಸ್ಟೀರಿಂಗ್ ಹಿಡೀಬೇಕು."

"ಅಡ್ಡಿ ಇಲ್ಲ ಬೀಗ್ರ, ನಿಮ್ಮ ಕೈಯಾಗ ಕೂಲಿ ಮಾಡಾಕ ಬರ್ತೀನಿ," ಎಂದರು. ಇನ್ನೂ ನಗುತ್ತಿದ್ದರು.

ಅವರು ಬಂದದ್ದು ಬೆಳಗಿನ ಹೊತ್ತು. ಗ್ಯಾರೇಜಿನ ಮುಂದೆ ಎದುರಿನ ಚಹಾದಂಗಡಿಯವನು, ವೆಲ್ಡಿಂಗಿನವನು, ಗಾಡಿ ಬಿಟ್ಟುಹೋಗಲು ಬಂದ ಇಬ್ಬರು ಇದ್ದರು. ಬಾನೆಟ್ ಎತ್ತಿದೆ. ಎತ್ತಿದ ಬಾನೆಟ್ಟು ಬೀಗರಿಗೆ ನನ್ನನ್ನೂ ಎಂಜಿನ್ನನ್ನೂ ಮರೆಮಾಡಿತು. "ಹ್ಯಾಂಡ್ ಬ್ರೇಕ್ ಎಳೀರಿ. ಕಾಲಿಲೆ ಬ್ರೇಕ್ ಗಟ್ಟಿ ಒತ್ರಿ. ಫಸ್ಟಿಗೆ ಹಾಕಿ ಕ್ಲಚ್ ಒಂದು ಕೂದಲೆಳಿ ಅಷ್ಟ ಬಿಡ್ರಿ." ಬಿಟ್ಟರು. ಎಂಜಿನ್ನಿನ ಎಡಭಾಗ ಮಲಗಿದ್ದ ಎಮ್ಮೆ ಎದ್ದ ಹಾಗೆ ಎದ್ದಿತು. "ಈಗ ರಿವರ್ಸ್." ಎದ್ದ ಭಾಗ ದಡ್ ಎಂದು ಕೂತು, ಬಲಭಾಗ ಮೇಲೆ ಬಂತು. ಮತ್ತೆ ಮಾಡಿಸಿದೆ. ಮತ್ತೆ ಹಾಗೇ ಆಯಿತು. ಎರಡು ಸಲ ತಪ್ಪಿದ್ದವನಿಗೆ ರೋಗ ಸಿಕ್ಕಿತ್ತು! ಆ ಖುಷಿ ಹೇಳತೀರದು.

ಟಾರ್ಚ್ ಬಿಟ್ಟು ನೋಡಿದೆ. ಎಡಗಡೆಯ ರಬ್ಬರು ತಟ್ಟೆಯಿಂದ ಪೂರ್ತಿ ಬಿಟ್ಟುಕೊಂಡಿತ್ತು. ಬಲಗಡೆ ರಬ್ಬರಿನ ಸಂದಿಯಲ್ಲಿ ಕರಿಯದು ಏನೋ ಕಾಣಿಸಿತು. ಕೊಕ್ಕೆ ಹಾಕಿ ಎಳೆದೆ. ಗಣಿಗಳಲ್ಲಿ ಅದಿರು ಸಾಗಿಸುವ ದಪ್ಪ ಬೆಲ್ಟಿನ ತುಂಡು. ಸಂಡೂರು ಕಡೆಯಿಂದ ಬರುವ ಹಳೇ ಬೆಲ್ಟು ನಮ್ಮ ಭಾಗದಲ್ಲಿ ಎಲ್ಲದಕ್ಕೂ ಆಗುತ್ತದೆ, ಬಾಗಿಲ ಕೀಲಿಗೆ, ಬಂಡಿಗೆ, ಪಂಪ್‌ಸೆಟ್ಟಿನ ಅಡಿಗೆ.

ಹಿಂದೆ ಕೈ ಹಾಕಿದ ಮೆಕ್ಯಾನಿಕ್ಕನನ್ನು ಬೈಯುವುದು ನಮ್ಮ ಕಸುಬಿನ ಮೊದಲ ಪಾಠ. ಬೋಲ್ಟ್ ಬಿಚ್ಚುವ ಪಾನಾ ಹಿಡಿಯುವುದನ್ನು ಅದರ ನಂತರ ಕಲಿಯುತ್ತೇವೆ. ಅದರಲ್ಲಿ ನನಗೆ ಊರಿನಲ್ಲಿ ಹೆಸರಿತ್ತು. ಚಹಾದಂಗಡಿಯವನು ಅದನ್ನು ಕೇಳಲೆಂದೇ ರಸ್ತೆ ದಾಟಿ ಬರುತ್ತಿದ್ದ. ಅವತ್ತು ನಾನು ಆ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ.

"ನೋಡ್ರಪಾ ಇಲ್ಲೆ! ಯಾವನೋ ಪುಣ್ಯಾತ್ಮ ಎಂಜಿನ್ನಿಗೆ ಟಯರ್ ಚಪ್ಪಲಿ ತೊಡಿಸ್ಯಾನ! ಇಂಥಾ ಬೇವಕೂಫನ ಕೈಯಾಗ ಪಾನಾ ಕೊಟ್ಟವ ಯಾರಲೇ?"

ಎಲ್ಲರೂ ಬಿದ್ದುಬಿದ್ದು ನಕ್ಕರು. ಚಹಾದಂಗಡಿಯವನು ತೊಡೆ ತಟ್ಟಿಕೊಂಡ. ಬಾನೆಟ್ಟಿನ ಹಿಂದೆ ಎಂಜಿನ್ ಆಫ್ ಆಯಿತು. ಬೀಗರು ಇಳಿದು ಬಂದರು. ನನ್ನ ಕೈಯ ತುಂಡನ್ನು ನೋಡಿದರು. ನಗು ಇನ್ನೂ ನಡೆದಿತ್ತು, ಅದರ ನಡುವೆ ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಆ ಪುಣ್ಯಾತ್ಮ ನಾನ, ಬೀಗ್ರ."

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಸುಗ್ಗಿಯ ದಿನಗಳಲ್ಲಿ ದಾರಿಯಲ್ಲಿ ಬಲಗಡೆಯ ರಬ್ಬರ್ ಹರಿದಿತ್ತಂತೆ, ಮಿಲ್ಲು ಬಿಟ್ಟು ಪೇಟೆಗೆ ಹೋಗಲಾಗದೆ ತಾವೇ ಕೂತು ಬೆಲ್ಟ್ ಕತ್ತರಿಸಿ ಹಾಕಿದ್ದರಂತೆ. ಇದನ್ನು ಆಮೇಲೆ ತಂಗಿ ಹೇಳಿದಳು. ಹೊಸ ಮೌಂಟಿಂಗು ಕೊಟ್ಟೂರಿನಲ್ಲಿ ಸಿಗುವುದಿಲ್ಲ, ದಾವಣಗೆರೆಯಿಂದ ತರಬೇಕು, ಅಲ್ಲಿಯವರೆಗೆ ಗಾಡಿ ಓಡಿಸಬಾರದು ಎಂದು ನಾನು ತೊದಲಿದೆ. ಅವರು ತಲೆಯಾಡಿಸಿ, ಹೆಗಲ ಮೇಲಿನ ಟವೆಲ್ ಕೊಡವಿ, ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ನಾನು ಕೈ ತೊಳೆಯದೆ ಹಿಂದೆ ಓಡಿದೆ. ಹರಪನಹಳ್ಳಿ ಬಸ್ಸಿನ ಕಿಟಕಿಗೆ ಕೂತಿದ್ದರು. ಸ್ವಂತ ಗಾಡಿಯಲ್ಲಿ ಬಂದ ಮನುಷ್ಯ, ಸಂತೆಯ ಗಂಟುಗಳ ನಡುವೆ. "ಮಾವಾರ, ಮನಿಗೆ ಬಂದು ಒಂದು ತುತ್ತು ಉಂಡು ಹೋಗ್ರಿ," ಎಂದೆ. ಅವರು ಎದುರಿನ ಸೀಟನ್ನು ನೋಡುತ್ತ, "ಗಾಡಿ ಆದಮ್ಯಾಲ ಹೇಳ್ರಿ," ಎಂದರು. ಬಸ್ಸು ಹೊರಟಿತು.

ಮನೆಯಲ್ಲಿ ಅವ್ವ ಎಲೆ ಹಾಕಿ ಕಾದಿದ್ದಳು. "ಬೀಗರೆಲ್ಲಿ?"

"ಹೋದ್ರು."

"ಉಣ್ಣದ?"

ಆದದ್ದನ್ನು ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. "ಮಾತು ಆಡಿದರ ಹೋತು, ಮುತ್ತು ಒಡದರ ಹೋತು," ಎಂದಳು. ಹಾಕಿದ ಎಲೆಯನ್ನು ಎತ್ತಿ ಮಡಚಿದಳು. "ಬೀಗರು ಹಸದು ಹೋಗಿದ್ದು ಈ ಮನಿಯಾಗ ಇದ ಮೊದಲು."

ಮರುದಿನ ದಾವಣಗೆರೆಯ ಬಸ್ಸು ಹತ್ತಿದೆ. ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಷ್ಟೂ ಹೊತ್ತು ತಲೆ ಬಗ್ಗಿಸಿ ಕೂತೆ. ತೆಲಿಗಿಯವರು ಯಾರಾದರೂ ಕಂಡು, ನಿಮ್ಮ ಬೀಗರು ಬಸ್ಸಿನಲ್ಲಿ ಬಂದರಂತಲ್ಲ ಎಂದು ಕೇಳಿದರೆ ಏನು ಹೇಳುವುದು? ದಾವಣಗೆರೆಯ ಬಿಡಿಭಾಗದ ಅಂಗಡಿಯವನು ಮೊದಲು ಲೋಕಲ್ ಮಾಲು ಮುಂದಿಟ್ಟ. ಉಗುರು ಒತ್ತಿದರೆ ಗುರುತು ಬೀಳದಷ್ಟು ಬಿರುಸು, ಟಯರ್ ಸುಟ್ಟ ವಾಸನೆ. ಅಂಥದ್ದು ಹಾಕಿದರೆ ಎಂಜಿನ್ ಅಲುಗಾಡುವುದಿಲ್ಲ, ಆದರೆ ನಡುಕವೆಲ್ಲ ಹಾಗೇ ಸೀಟಿಗೆ ದಾಟುತ್ತದೆ. ಅಸಲಿಯದೇ ಬೇಕೆಂದೆ. ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರುವಂಥದ್ದು, ತಟ್ಟೆಗೆ ಅಂಟಿದ ಅಂಚಿನಲ್ಲಿ ಒಂದು ಕೂದಲೆಳೆಯೂ ಬಿರುಕಿಲ್ಲದ್ದು, ಆರಿಸಿ ತೆಗೆದೆ. ಎಡಕ್ಕೆ ಬಲಕ್ಕೆ ಮಾತ್ರವಲ್ಲ, ಗೇರ್‌ಬಾಕ್ಸಿನದನ್ನೂ ತಂದೆ. ಮೂರರಲ್ಲಿ ಒಂದು ಹಳೆಯದು ಉಳಿದರೂ ಅದು ಉಳಿದೆರಡನ್ನು ಬೇಗ ಹರಿಯುತ್ತದೆ. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಗ್ಯಾರೇಜಿಗೆ ಬಂದು ಬ್ಯಾಟರಿಯ ವಯರ್ ಬಿಚ್ಚಿದೆ. ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಕೆಳಗೆ ಜಾಕ್ ಇಟ್ಟೆ. ಚೇಂಬರಿನ ತಗಡು ನೆಗ್ಗಬಾರದೆಂದು ನಡುವೆ ಹಲಗೆ. ಎಂಜಿನ್ ಎತ್ತುವಾಗ ಫ್ಯಾನು ರೇಡಿಯೇಟರಿಗೆ ತಾಗುವ ಭಯವಿರುತ್ತದೆ, ಅದಕ್ಕೊಂದು ಪ್ಲೈವುಡ್ ತುಂಡು ಇಳಿಬಿಟ್ಟೆ. ಎಡಗಡೆಯದು ಮಾತಾಡದೆ ಬಿಚ್ಚಿಕೊಂಡಿತು. ಹರಿದ ರಬ್ಬರು ಹಣ್ಣಾದ ಹಲ್ಲಿನ ಹಾಗೆ ಕೈಗೆ ಬಂತು. ಬಲಗಡೆಯ ಬೋಲ್ಟು ತುಕ್ಕು ಹಿಡಿದು ಜಗ್ಗಲಿಲ್ಲ. ಪಕ್ಕದಲ್ಲೇ ಡೀಸೆಲ್ ಪೈಪು, ಬೆಂಕಿ ಹಿಡಿಯುವ ಹಾಗಿಲ್ಲ. ಸೀಮೆಎಣ್ಣೆ ಕುಡಿಸಿ ಬಿಟ್ಟು, ಆಮೇಲೆ ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸಿ ಮೈಭಾರ ಹಾಕಿದೆ. ಟಣ್ ಎಂದು ತಲೆ ಮುರಿಯಿತು, ಮೈ ಒಳಗೇ ಉಳಿಯಿತು. ಒಂದು ಗಳಿಗೆ ಅಲ್ಲೇ ನೆಲಕ್ಕೆ ಬೆನ್ನು ಹಚ್ಚಿ ಮಲಗಿದೆ. ಏಳು ಮುಗಿಯಲು ಉಳಿದ ದಿನಗಳು ತಲೆಯಲ್ಲಿ ಸುತ್ತುತ್ತಿದ್ದವು. ಆಮೇಲೆ ಎದ್ದು, ಮುರಿದ ಬೋಲ್ಟಿನ ನಟ್ಟನಡುವೆ ಗುರುತು ಕುಟ್ಟಿ, ಸಣ್ಣ ಬಿಟ್ಟಿನಿಂದ ಶುರುಮಾಡಿ ದೊಡ್ಡದರವರೆಗೆ ಡ್ರಿಲ್ ಹಾಕುತ್ತ ಹೋದೆ. ಬಿಟ್ಟು ಒಂದಿಷ್ಟು ಓರೆಯಾದರೆ ಬ್ರಾಕೆಟ್ಟಿನ ಮರೆ, ಅಂದರೆ ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಗೆರೆ, ಹಾಳಾಗುತ್ತದೆ. ಉಸಿರು ಬಿಗಿಹಿಡಿದು ಮಾಡಿದೆ. ಕೊನೆಗೆ ಉಳಿದದ್ದು ಚಿಪ್ಪಿನ ಹಾಗೆ ಕಳಚಿಕೊಂಡಿತು.

ಆಗ ಬೀಗರ ಬೆಲ್ಟ್ ತುಂಡುಗಳನ್ನು ಪೂರ್ತಿ ಹೊರಗೆ ತೆಗೆದೆ. ಅಂದು ಎಳೆದದ್ದು ಮೇಲಿನದು, ಅದರ ಕೆಳಗೆ ಇನ್ನೂ ಇದ್ದವು. ಮೂಲೆಗಳನ್ನು ದುಂಡಗೆ ಕತ್ತರಿಸಿದ್ದರು. ಬೋಲ್ಟಿನ ತೂತನ್ನು ಕಾದ ಸಲಾಕೆಯಿಂದ ಸುಟ್ಟು ಮಾಡಿದ್ದರು, ಅಂಚು ಬಿಚ್ಚಿಕೊಳ್ಳದ ಹಾಗೆ. ಮೂಲ ರಬ್ಬರು ಎಂದೋ ಎರಡು ಹೋಳಾಗಿತ್ತು. ಈ ತುಂಡುಗಳು ಇಲ್ಲದಿದ್ದರೆ ಎಂಜಿನ್ ಬಲಕ್ಕೆ ಕುಸಿದು ಫ್ಯಾನು ರೇಡಿಯೇಟರನ್ನು ಹರಿದುಹಾಕುತ್ತಿತ್ತು, ಪ್ರಾಯಶಃ ಮನೆಮಂದಿಯೆಲ್ಲ ಒಳಗಿರುವಾಗಲೇ. ಕಾಯಂ ಮಾಡುವ ಕೆಲಸವಲ್ಲ, ಸರಿ. ಆದರೆ ಅದು ಗಾಡಿಯನ್ನು ಹೊತ್ತು ನಡೆಸಿತ್ತು. ನಾನು ಎರಡು ಸಲ ಗಾಡಿ ಬಿಚ್ಚಿ ಅದರತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಬೇವಕೂಫ ಯಾರು ಎಂದು ಕೇಳಲು ಅಲ್ಲಿ ಇನ್ನೊಬ್ಬರು ಇರಲಿಲ್ಲ, ನನಗೆ ನಾನೇ ಹೇಳಿಕೊಂಡೆ.

ಹೊಸವು ಮೂರನ್ನೂ ಕೈಬಿಗಿಯಷ್ಟೇ ಹಾಕಿ ಎಂಜಿನ್ನನ್ನು ಮೆಲ್ಲಗೆ ಇಳಿಸಿದೆ. ತೂಗಾಡುವ ಎಂಜಿನ್ನಿಗೆ ಬೋಲ್ಟ್ ಬಿಗಿದರೆ ರಬ್ಬರು ತಿರುಚಿಕೊಂಡು ಕೂರುತ್ತದೆ, ಮತ್ತೆ ಅದೇ ನಡುಕ. ಜಾಕ್ ತೆಗೆದು, ಚಾಲು ಮಾಡಿ, ಮುಂದೆ ಹಿಂದೆ ನಾಲ್ಕು ಸಲ ಆಡಿಸಿ, ಎಂಜಿನ್ ತನ್ನ ಜಾಗ ತಾನೇ ಹಿಡಿಯಲು ಬಿಟ್ಟೆ. ಆಮೇಲೆ ಹಿಂದಿನಿಂದ ಮುಂದಕ್ಕೆ ಬಿಗಿಯುತ್ತ ಬಂದೆ. ಕೊನೆಗೆ ಮೊದಲ ದಿನ ಏರಿಸಿದ್ದ ಸ್ಲೋವನ್ನು ತಿರುಗಿ ಇಳಿಸಿದೆ. ಬಾಗಿಲ ಮೇಲೆ ಕೈ ಇಟ್ಟರೆ ಎಂಜಿನ್ ಚಾಲೂ ಇದೆಯೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ಈ ಸಲ ಖಾಲಿ ಓಡಿಸಲಿಲ್ಲ. ಸಿಮೆಂಟ್ ಚೀಲ ಹೇರಿಕೊಂಡು ಏರಿಗೆ ಹೋಗಿ, ಅಲ್ಲಿ ನಿಲ್ಲಿಸಿ, ರಿವರ್ಸ್ ಹಾಕಿ ಹಾಕಿ ನೋಡಿದೆ. ಸದ್ದಿಲ್ಲ.

ಏಳು ಮುಗಿಯುವ ಮುಂಚೆ ಗಾಡಿಯೊಂದಿಗೆ ತೆಲಿಗಿಗೆ ಹೋದೆ. ತಂಗಿ ಹಸಿರು ಬಳೆ ತೊಟ್ಟು ತಯಾರಾಗಿದ್ದಳು. ಬೀಗತಿ ಗಾಡಿಯಲ್ಲಿ ಕೂತು ಓಣಿಯಲ್ಲಿ ಹಿಂದೆ ಮುಂದೆ ಮಾಡಿಸಿ ನೋಡಿದರು. "ಒನಕಿ ನಿಂತೈತಿ," ಎಂದರು. ಬೀಗರು ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಎದುರಿಗೆ ಕೂತು, ದಾರಿಯುದ್ದಕ್ಕೂ ಉರುಹೊಡೆದದ್ದನ್ನು ಹೇಳಿದೆ. ತಪ್ಪು ನನ್ನದು, ಬೆಲ್ಟ್ ಇಲ್ಲದಿದ್ದರೆ ಎಂಜಿನ್ ಕುಸಿಯುತ್ತಿತ್ತು, ನಾಲಿಗೆಗೆ ಎಲುಬಿಲ್ಲ, ದೊಡ್ಡವರು ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು. ಅವರು ಎಲೆ ಮಡಚುವುದನ್ನು ಮುಗಿಸಿದರು.

"ಬೈದದ್ದು ಬಜಾರದಾಗ," ಎಂದರು. "ತಪ್ಪಾತು ಅನ್ನಾದು ಪಡಸಾಲ್ಯಾಗ."

ಅವರು ಸರಿಯಾಗಿಯೇ ಹೇಳಿದ್ದರು. ಹೊರಡುವ ಹೊತ್ತಿಗೆ ಅವರೂ ಬಂದು ಹತ್ತಿದರು, ಗಾಡಿ ತಿರುಗಿ ತರಬೇಕಲ್ಲ. ಆದರೆ ಎಂದೂ ಬಿಟ್ಟುಕೊಡದ ಸ್ಟೀರಿಂಗನ್ನು ನನಗೇ ಬಿಟ್ಟು ಪಕ್ಕದಲ್ಲಿ ಕೂತರು. ದಾರಿಯಲ್ಲಿ ಒಂದು ಚೇಷ್ಟೆಯ ಮಾತಿಲ್ಲ. ಬೀಗರು ಬೀಗರನ್ನು ಕಾಡಿಸದೆ ಅಷ್ಟು ದೂರ ಒಟ್ಟಿಗೆ ಕೂತದ್ದನ್ನು ನಾನು ಕಂಡಿಲ್ಲ. ಹರಪನಹಳ್ಳಿ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ಆ ರಸ್ತೆಯಲ್ಲಿ, ಆ ಗಾಡಿಯಲ್ಲಿ, ನಿದ್ದೆ. ಅದೊಂದು ನನಗೆ ಸಮಾಧಾನ ಕೊಟ್ಟಿತು. ಆ ಸಮಾಧಾನದಲ್ಲೇ, ಬಜಾರದಲ್ಲಿ ಬೈದವನು ಬಜಾರದಲ್ಲೇ ಒಪ್ಪಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡೆ.

ಕೊಟ್ಟೂರು ಬಂತು. ಮನೆಯ ಕಡೆ ತಿರುಗದೆ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. "ಇಲ್ಲ್ಯಾಕ?" ಎಂದರು ಬೀಗರು. ನಾನು ಇಳಿದೆ. ಎಂಜಿನ್ ಚಾಲೂ ಇತ್ತು. ಚಹಾದಂಗಡಿಯವನನ್ನು ಕೂಗಿದೆ, ವೆಲ್ಡಿಂಗಿನವನನ್ನೂ ಕೂಗಿದೆ. ಚಹಾ ಕುಡಿಯುತ್ತಿದ್ದ ಇನ್ನೂ ನಾಲ್ಕು ಮಂದಿ ಬಂದರು.

"ಕೇಳ್ರಪಾ. ಅವತ್ತ ಇಲ್ಲೆ ನಿಂತು ನಾ ಒಂದು ಮಾತು ಅಂದೆ, ಟಯರ್ ಚಪ್ಪಲಿ ಅಂತ. ಆ ಬೆಲ್ಟ್ ಹಾಕಿದವರು ನಮ್ಮ ಬೀಗರು. ಅವರು ಹಾಕಿದ್ದಿಲ್ಲ ಅಂದ್ರ ಎಂಜಿನ್ ಎಂದೋ ಕುಸಿತಿತ್ತು. ಬೇವಕೂಫ ನಾನು. ನಿಮ್ಮೆಲ್ಲರ ಮುಂದ ತಪ್ಪಾತು ಅಂತೀನಿ."

ಚಹಾದಂಗಡಿಯವನು ನನ್ನ ಮುಖ ನೋಡಿದ. "ಯಾವ ಚಪ್ಪಲಿಯೋ ಮಾರಾಯ?"

"ಅದಲೇ," ಎಂದ ವೆಲ್ಡಿಂಗಿನವನು, "ಅವತ್ತ ಬೆರಳಾಗ ಹಿಡದು ತೋರಿಸಿದ್ನಲ್ಲ, ಎಂಜಿನ್ನಿಗೆ ತೊಡಿಸಿದ್ದು!"

"ಓಹೋಹೋ! ಆ ಪುಣ್ಯಾತ್ಮ ಇವರೇನು?" ಚಹಾದಂಗಡಿಯವನು ಬಗ್ಗಿ ಕಿಟಕಿಯೊಳಗೆ ಇಣುಕಿದ. "ನಾವು ಯಾವನೋ ಹಾದಿಮ್ಯಾಲಿನ ಮೆಕ್ಯಾನಿಕ್ಕು ಅಂತ ತಿಳಕೊಂಡಿದ್ವಿ!" ನಕ್ಕ. ಅವನ ನಗು ಕಂಡು ಏನೂ ಗೊತ್ತಿಲ್ಲದ ನಾಲ್ವರೂ ನಕ್ಕರು, ಅವರಿಗೆ ವೆಲ್ಡಿಂಗಿನವನು ಮೊದಲಿನಿಂದ ಕಥೆ ಹೇಳತೊಡಗಿದ. ಎಂಜಿನ್ ಎಷ್ಟು ಸದ್ದಿಲ್ಲದೆ ತಿರುಗುತ್ತಿತ್ತೆಂದರೆ ಒಂದೊಂದು ಮಾತೂ ಒಳಗಿದ್ದವರಿಗೆ ಸ್ಪಷ್ಟವಾಗಿ ಕೇಳಿಸಿತು.

ಬೀಗರು ಎದುರಿನ ಗಾಜನ್ನು ನೋಡುತ್ತ ಕೂತಿದ್ದರು. ಹಿಂದಿನ ಸೀಟಿನಿಂದ ತಂಗಿ, "ಅಣ್ಣಾ, ಸಾಕು ಮಾಡು," ಎಂದಳು. ನಾನು ಹತ್ತುವುದರೊಳಗೆ ಬೀಗರು ಸ್ಟೀರಿಂಗಿನ ಕಡೆ ಸರಿದು ಗೇರ್ ಹಾಕಿದರು. ಗಾಡಿ ಮನೆಯ ಕಡೆ ಹೊರಟಿತು. ನಾನು ಅದರ ಹಿಂದೆ ನಡೆದುಕೊಂಡು ಹೋದೆ.

ನಾನು ಮುಟ್ಟುವ ಹೊತ್ತಿಗೆ ಅವ್ವ ದೃಷ್ಟಿ ತೆಗೆದು ತಂಗಿಯನ್ನು ಒಳಗೆ ಕರೆದುಕೊಂಡಿದ್ದಳು. ಬೀಗರು ಒಬ್ಬರೇ ಬಚ್ಚಲ ಕಲ್ಲಿನ ಮೇಲೆ ನಿಂತಿದ್ದರು. ತಂಬಿಗೆ ತುಂಬಿ ಅವರ ಕಾಲಿಗೆ ನೀರು ಹಾಕಿದೆ. ಒಂದು ಕಾಲು ತೊಳೆದುಕೊಂಡು ಅವರು ಕೇಳಿದರು.

"ಬೆಲ್ಟ್ ಹಾಕಿದವ ನಾನ ಅಂತ ಅವರಿಗೆ ಗೊತ್ತಿದ್ದಿಲ್ಲ ಹೌದಲ್ಲ?"

"ಇಲ್ರಿ."

"ಅವತ್ತ ಎಲ್ಲಾರೂ ನನ್ನ ನೋಡಿ ನಕ್ಕರು ಅಂತ ತಿಳಕೊಂಡು ಬಸ್ ಹತ್ತಿದ್ದೆ." ಇನ್ನೊಂದು ಕಾಲನ್ನು ಮುಂದಿಟ್ಟರು. "ಅವತ್ತ ನನಗ ನಕ್ಕಿದ್ದಿಲ್ಲ. ಇವತ್ತ ನಕ್ಕರು."

ನಾನು ಆ ಕಾಲಿಗೂ ನೀರು ಹಾಕಿದೆ. ಅವರು ಟವೆಲಿನಿಂದ ಒರೆಸಿಕೊಂಡು, ಅವ್ವ ಕರೆದ ಕಡೆ ಊಟಕ್ಕೆ ಹೋದರು.